ಬೈಯುತ್ತಲೇ ನೋಡಿದವರು: ‘ಸ್ಮ್ಯಾಶ್’ ಧಾರಾವಾಹಿಯ ಮುಗಿಯದ ಜಗಳದ ಹಿನ್ನೆಲೆ

ಅಮೆರಿಕದ ಎನ್‌ಬಿಸಿ ವಾಹಿನಿಯ ‘ಸ್ಮ್ಯಾಶ್’ ಎರಡು ಸೀಸನ್‌ಗಳಲ್ಲಿ 32 ಕಂತು ಪ್ರಸಾರವಾಗಿ 2013ರಲ್ಲಿ ನಿಂತುಹೋದ ಧಾರಾವಾಹಿ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗಾಗಿ ಒಂದು ಸಂಗೀತ ನಾಟಕವನ್ನು ಕಟ್ಟಲು ಹೊರಟ ತಂಡದ ಕಥೆ ಅದರದು. ಇಷ್ಟು ಬೇಗ ಮುಗಿದದ್ದರ ಬಗ್ಗೆ ನೋಡುಗರ ವಾದ ಇನ್ನೂ ಮುಗಿದಿಲ್ಲ. ಅದು ಮೊದಲಿನಿಂದಲೂ ಕೆಟ್ಟ ಧಾರಾವಾಹಿಯೆಂದು ಒಂದು ಗುಂಪು ಹೇಳಿದರೆ, ಒಳ್ಳೆಯದನ್ನು ಕೈಯಾರೆ ಕೆಡಿಸಲಾಯಿತೆಂದು ಇನ್ನೊಂದು ಗುಂಪು ಹೇಳುತ್ತದೆ. ಮೊದಲ ಸೀಸನ್ ಅನ್ನು ಸಮರ್ಥಿಸುವವರು ಎರಡನೆಯದನ್ನು ಒಪ್ಪುವುದಿಲ್ಲ, ಎರಡನೆಯದನ್ನು ಮೆಚ್ಚಿದವರು ಮೊದಲನೆಯದನ್ನು ಕ್ಷಮಿಸುವುದಿಲ್ಲ. ಈ ನಡುವೆ ಅದೇ ಹೆಸರಿನ ರಂಗಪ್ರಯೋಗವೂ ಬಂದುಹೋದದ್ದರಿಂದ, ಯಾವ ದೂರು ಯಾವುದರ ಮೇಲಿನದು ಎಂಬುದೇ ಹೊಸಬರಿಗೆ ತಿಳಿಯದಂತಾಗಿದೆ.

ಹಾಡುವ ಧಾರಾವಾಹಿಗಳು ಅಮೆರಿಕದ ಟೀವಿಗೆ ಹೊಸತಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಕಲಾಶಾಲೆಯ ಮಕ್ಕಳ ‘ಫೇಮ್’ ವರ್ಷಗಟ್ಟಲೆ ಓಡಿತು, 1990ರಲ್ಲಿ ಪೊಲೀಸರು ಹಾಡುವ ‘ಕಾಪ್ ರಾಕ್’ 11 ಕಂತಿಗೇ ಮುಗಿಯಿತು, 2009ರಲ್ಲಿ ಬಂದ ‘ಗ್ಲೀ’ ಈ ಬಗೆಗೆ ದೊಡ್ಡ ನೋಡುಗ ಸಮುದಾಯವಿದೆಯೆಂದು ತೋರಿಸಿಕೊಟ್ಟಿತು. ‘ಸ್ಮ್ಯಾಶ್’ ಸ್ಟೀವನ್ ಸ್ಪಿಲ್‌ಬರ್ಗ್ ಅವರ ಯೋಜನೆಯಾಗಿ ಮೊದಲು ರೂಪುಗೊಂಡದ್ದು ಶೋಟೈಮ್ ಎಂಬ ಚಂದಾ ವಾಹಿನಿಯಲ್ಲಿ. ಅಲ್ಲಿದ್ದ ರಾಬರ್ಟ್ ಗ್ರೀನ್‌ಬ್ಲಾಟ್ 2011ರಲ್ಲಿ ಎನ್‌ಬಿಸಿಯ ಹೊಣೆ ಹೊತ್ತಾಗ ಯೋಜನೆಯೂ ಅವರೊಂದಿಗೆ ಬಂತು. ಮುಂದಿನ ತೊಡಕುಗಳಲ್ಲಿ ಕೆಲವು ಈ ಸ್ಥಳಾಂತರದಲ್ಲೇ ಹುಟ್ಟಿದವು ಎಂದು ನನಗನಿಸುತ್ತದೆ. ಚಂದಾ ವಾಹಿನಿಯಲ್ಲಿ ಸಣ್ಣ, ನಿಷ್ಠಾವಂತ ನೋಡುಗ ಬಳಗವಿದ್ದರೂ ಬದುಕಬಹುದಾಗಿದ್ದ ರಂಗಭೂಮಿಯ ಕಥೆ, ಜಾಹೀರಾತನ್ನೇ ನೆಚ್ಚಿದ ವಾಹಿನಿಗೆ ಬಂದಮೇಲೆ ಎಲ್ಲರ ಮನೆಯ ಕಥೆಯೂ ಆಗಬೇಕಾಯಿತು. ರಂಗಸ್ಥಳಕ್ಕಿಂತ ಮಲಗುವ ಕೋಣೆ ಮತ್ತು ಅಡುಗೆಮನೆಗಳಿಗೆ ಹೆಚ್ಚು ಸಮಯ ಸಂದಾಯವಾದದ್ದು ಹೀಗೆ.

ಬರವಣಿಗೆಯ ನೇತೃತ್ವ ನಾಟಕಕಾರ್ತಿ ಥೆರೆಸಾ ರೆಬೆಕ್ ಅವರದಾಗಿತ್ತು. ಹಾಡುಗಳನ್ನು ‘ಹೇರ್‌ಸ್ಪ್ರೇ’ ಸಂಗೀತ ನಾಟಕಕ್ಕೆ ಬ್ರಾಡ್‌ವೇಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಪಡೆದಿದ್ದ ಮಾರ್ಕ್ ಶೈಮನ್ ಮತ್ತು ಸ್ಕಾಟ್ ವಿಟ್‌ಮನ್ ಜೋಡಿ ಬರೆಯಿತು. ಕಥೆಯೊಳಗಿನ ನಾಟಕದ ಹೆಸರು ‘ಬಾಂಬ್‌ಶೆಲ್’, ಅದರ ವಸ್ತು ಮರ್ಲಿನ್ ಮನ್ರೋ ಬದುಕು. ಮರ್ಲಿನ್ ಪಾತ್ರಕ್ಕೆ ಇಬ್ಬರು ಸ್ಪರ್ಧಿಗಳು: ವರ್ಷಗಳಿಂದ ಕೋರಸ್‌ನಲ್ಲಿ ಕುಣಿದು ಪಳಗಿದ ಐವಿ ಲಿನ್, ಅಯೋವಾದಿಂದ ಬಂದ ಹೊಸಬಳು ಕ್ಯಾರೆನ್ ಕಾರ್ಟ್‌ರೈಟ್. ಐವಿಯಾಗಿ ನಟಿಸಿದ ಮೆಗನ್ ಹಿಲ್ಟಿ ನಿಜವಾಗಿಯೂ ಬ್ರಾಡ್‌ವೇಯಲ್ಲಿ ದುಡಿದವರು. ಕ್ಯಾರೆನ್ ಆಗಿ ಬಂದ ಕ್ಯಾಥರೀನ್ ಮೆಕ್‌ಫೀ 2006ರಲ್ಲಿ ‘ಅಮೆರಿಕನ್ ಐಡಲ್’ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದು ಮನೆಮಾತಾಗಿದ್ದ ಗಾಯಕಿ.

2012ರ ಫೆಬ್ರವರಿ 6ರಂದು ಮೊದಲ ಕಂತನ್ನು ಸುಮಾರು 1 ಕೋಟಿ 14 ಲಕ್ಷ ಜನ ನೋಡಿದರು. ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡುವ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯ ಅದೇ ವಾಹಿನಿಯಲ್ಲಿ ಪ್ರಸಾರವಾಗಿತ್ತು, ಪ್ರಚಾರಕ್ಕೆ ಕೊರತೆಯಿರಲಿಲ್ಲ. ಆ ಕಂತಿನ ಕೊನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು ಊರಿನ ಬೇರೆ ಬೇರೆ ಬೀದಿಗಳಲ್ಲಿ ನಡೆಯುತ್ತ, ಪಾತ್ರದ ಆಯ್ಕೆ ನಡೆಯುವ ಒಂದೇ ಕೋಣೆಯ ಕಡೆಗೆ ಬರುತ್ತ ‘ಲೆಟ್ ಮಿ ಬಿ ಯುವರ್ ಸ್ಟಾರ್’ ಹಾಡುತ್ತಾರೆ. ಟೀವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಈ ಹಾಡನ್ನು ಧಾರಾವಾಹಿಯ ಕಡು ವಿರೋಧಿಗಳೂ ಅಲ್ಲಗಳೆದದ್ದನ್ನು ನಾನು ಕಂಡಿಲ್ಲ. ಟೀವಿಯಲ್ಲಿ ರಂಗಭೂಮಿಯ ಹಸಿವು ಇಷ್ಟು ನೇರವಾಗಿ ಕಾಣಿಸಿಕೊಂಡದ್ದು ಅಪರೂಪ, ಮುಂದೆ ನೋಡುಗರು ಇಟ್ಟುಕೊಂಡ ನಿರೀಕ್ಷೆಯೆಲ್ಲ ಈ ಕೆಲವು ನಿಮಿಷಗಳಿಂದ ಬಂದದ್ದು.

ಜಗಳದ ಬೇರೂ ಅದೇ ಕಂತಿನಲ್ಲಿದೆ. ಕಥೆ ಒಂದೊಂದು ವಾರವೂ ಕ್ಯಾರೆನ್‌ಳ ಕಡೆಗೆ ವಾಲುತ್ತ ಹೋಯಿತು. ಅವಳಲ್ಲಿ ಏನೋ ವಿಶೇಷವಿದೆಯೆಂದು ಪಾತ್ರಗಳು ಒಬ್ಬರಾದ ಮೇಲೊಬ್ಬರು ಹೇಳಿದವು, ನಿರ್ದೇಶಕ ಡೆರೆಕ್‌ಗೆ ಅವಳು ಮರ್ಲಿನ್ ವೇಷದಲ್ಲಿ ಕಣ್ಣೆದುರು ಕಾಣಿಸಿಕೊಳ್ಳತೊಡಗಿದಳು. ಆದರೆ ಮರ್ಲಿನ್‌ಳ ಮೈಮಾತು, ಉಸಿರಿನ ನಡುಕ, ನಗುವಿನ ಹಿಂದಿನ ದಿಗಿಲು ಎಲ್ಲವೂ ನೋಡುಗರಿಗೆ ಕೇಳಿಸಿದ್ದು ಐವಿಯ ದನಿಯಲ್ಲಿ. ಮರ್ಲಿನ್‌ಳ ತಾಯಿಯದಾಗಿದ್ದ ಬಿಳಿಯ ಪಿಯಾನೋ ಕುರಿತು ಹಿಲ್ಟಿ ಹಾಡಿದ ‘ಸೆಕೆಂಡ್ ಹ್ಯಾಂಡ್ ವೈಟ್ ಬೇಬಿ ಗ್ರ್ಯಾಂಡ್’ ಕೇಳಿದ ಮೇಲಂತೂ ಆ ಪಾತ್ರ ಯಾರದೆಂಬ ಪ್ರಶ್ನೆ ಬಹಳ ಮಂದಿಗೆ ಉಳಿಯಲಿಲ್ಲ. ಮೆಕ್‌ಫೀ ಅವರ ಕಂಠ ಕಡಿಮೆಯದಲ್ಲ, ಅವರು ಬೇರೊಂದು ಬಗೆಯ ಹಾಡುಗಾರ್ತಿ. ಅವರಿಗೆ ಒಗ್ಗದ ಹೊರೆಯನ್ನು ಕಥೆ ಅವರ ಮೇಲೆ ಹೊರಿಸಿತು. ಹೀಗಿದ್ದೂ ಮೊದಲ ಸೀಸನ್‌ನ ಕೊನೆಗೆ, ಬಾಸ್ಟನ್ನಿನ ಪರೀಕ್ಷಾ ಪ್ರದರ್ಶನಕ್ಕೆ ಗಂಟೆಗಳಷ್ಟೇ ಉಳಿದಿರುವಾಗ, ಡೆರೆಕ್ ಆರಿಸಿಕೊಂಡದ್ದು ಕ್ಯಾರೆನ್‌ಳನ್ನು. ತಮ್ಮ ಕಿವಿ ಕೇಳಿದ್ದನ್ನು ನಂಬಬೇಡಿ ಎಂದು ಧಾರಾವಾಹಿಯೇ ಕೇಳಿಕೊಂಡಂತಾಯಿತು. ನೋಡುಗರ ನೂರು ದೂರುಗಳಲ್ಲಿ ಇದೊಂದೇ ಮೂಲದ ದೂರು, ಮಿಕ್ಕವು ಇದರ ಸುತ್ತ ಬೆಳೆದವು ಎಂಬುದು ನನ್ನ ಎಣಿಕೆ.

ಸುತ್ತ ಬೆಳೆದವುಗಳೇ ಹೆಚ್ಚು ಸದ್ದು ಮಾಡಿದವು. ನಾಟಕದ ಲೇಖಕಿ ಜೂಲಿಯಾ ಕಂತುಕಂತಿಗೂ ಸುತ್ತಿಕೊಂಡು ಬರುತ್ತಿದ್ದ ಸ್ಕಾರ್ಫ್‌ಗಳು ಗೇಲಿಗೆ ಗುರಿಯಾದವು, ಅವಳ ಮನೆಯ ದತ್ತು ಪ್ರಕರಣ ಮತ್ತು ಹಳೆಯ ಪ್ರೇಮ ಬೇಸರ ತಂದವು. ಎಲ್ಲರ ಮಾತನ್ನೂ ಕದ್ದು ಕೇಳುವ ಸಹಾಯಕ ಎಲ್ಲಿಸ್ ಪಾತ್ರವನ್ನು ಜನ ಮನಸಾರೆ ದ್ವೇಷಿಸಿದರು. ಭಾರತೀಯ ಮೂಲದ ನೋಡುಗರಿಗೆ ಇನ್ನೊಂದು ಮುಜುಗರವೂ ಕಾದಿತ್ತು. ಬ್ರಿಟಿಷ್ ನಟ ರಝಾ ಜಾಫ್ರಿ ವಹಿಸಿದ ಕ್ಯಾರೆನ್‌ಳ ಗೆಳೆಯನ ಹೆಸರು ದೇವ್ ಸುಂದರಂ. ನ್ಯೂಯಾರ್ಕ್ ಮೇಯರ್ ಕಚೇರಿಯಲ್ಲಿ ಕೆಲಸ ಮಾಡುವ, ದಕ್ಷಿಣದ ಹೆಸರು ಹೊತ್ತ ಇಂಥ ಪಾತ್ರ ಆ ಕಾಲದ ಅಮೆರಿಕದ ಟೀವಿಯಲ್ಲಿ ವಿರಳವೇ. ಆದರೆ ಕೊನೆಗೆ ಅವನಿಗೆ ಸಿಕ್ಕಿದ್ದು ಭಾರತೀಯ ಹೋಟೆಲೊಂದರಲ್ಲಿ ತಂಡವೆಲ್ಲ ಸೇರಿ ಕುಣಿಯುವ ಬಾಲಿವುಡ್ ಮಾದರಿಯ ಕನಸಿನ ಹಾಡು, ಜೊತೆಗೆ ಪ್ರೇಯಸಿಗೆ ದ್ರೋಹ ಬಗೆದವನೆಂಬ ಹೆಸರು. ಪಾತ್ರಕ್ಕೆ ಹೆಸರು ಕೊಟ್ಟಷ್ಟು ಮುತುವರ್ಜಿಯನ್ನು ಬದುಕು ಕೊಡುವುದರಲ್ಲಿ ತೋರಲಿಲ್ಲವೆಂಬ ಕೊರಗು ನನಗೆ ಈಗಲೂ ಇದೆ.

ಹೀಗೆ ಬೈದವರು ಟೀವಿ ಆರಿಸಲಿಲ್ಲ, ಮುಂದಿನ ವಾರ ಮತ್ತೆ ಕುಳಿತರು. ಈ ನಡವಳಿಕೆಗೆ ‘ಹೇಟ್ ವಾಚಿಂಗ್’ ಎಂಬ ಹೆಸರು ಬಲವಾಗಿ ಅಂಟಿಕೊಂಡದ್ದು ಆಗಲೇ. ನ್ಯೂಯಾರ್ಕರ್ ಪತ್ರಿಕೆಯ ವಿಮರ್ಶಕಿ ಎಮಿಲಿ ನಸ್‌ಬಾಮ್ ಆರಂಭದ ಕಂತನ್ನು ಮೆಚ್ಚಿದ್ದವರು, 2012ರ ಏಪ್ರಿಲ್‌ನಲ್ಲಿ ಅದೇ ತಲೆಬರಹದಡಿ ತಮ್ಮ ನಿರಾಸೆಯನ್ನು ಬರೆದರು. ಅವರೊಬ್ಬರೇ ಅಲ್ಲ, ರಂಗಭೂಮಿಯಲ್ಲೇ ದುಡಿಯುವ ಅನೇಕರು ವಾರವಾರವೂ ತಪ್ಪು ಹುಡುಕುತ್ತಿದ್ದರು. ಸಂಗೀತ ನಾಟಕವೊಂದು ಓದು, ವರ್ಕ್‌ಶಾಪ್, ಬೇರೆ ಊರಿನ ಪರೀಕ್ಷಾ ಪ್ರದರ್ಶನ, ಪ್ರಿವ್ಯೂ ಎಂಬ ಹಂತಗಳನ್ನು ದಾಟಿ ಬ್ರಾಡ್‌ವೇ ಸೇರಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಇಲ್ಲಿ ಎಲ್ಲವೂ ವಾರಗಳಲ್ಲಿ ಆಗುತ್ತಿತ್ತು. ಆದರೂ ತಮ್ಮ ಕಸುಬಿನ ಬೆವರು ಲಕ್ಷಾಂತರ ಮನೆಗಳನ್ನು ತಲುಪುತ್ತಿದೆಯೆಂಬ ಹೆಮ್ಮೆ ಅವರಿಗಿತ್ತು, ನ್ಯೂಯಾರ್ಕಿನಲ್ಲೇ ಚಿತ್ರೀಕರಣವಾದದ್ದರಿಂದ ಅವರಲ್ಲಿ ಎಷ್ಟೋ ಮಂದಿಗೆ ಕೆಲಸವೂ ಸಿಕ್ಕಿತ್ತು. ಈ ಸಿಟ್ಟನ್ನು ಬರಿಯ ಚೇಷ್ಟೆಯೆಂದು ತಳ್ಳಿಹಾಕುವುದು ಅನ್ಯಾಯ. ಹಾಡುಗಳು ಇಷ್ಟು ಚೆನ್ನಾಗಿರದಿದ್ದರೆ ಕಥೆಯ ಮೇಲೆ ಯಾರೂ ಇಷ್ಟು ಸಿಟ್ಟಾಗುತ್ತಿರಲಿಲ್ಲ.

2012ರ ಮಾರ್ಚ್‌ನಲ್ಲಿ ಎರಡನೆಯ ಸೀಸನ್‌ಗೆ ಒಪ್ಪಿಗೆ ಸಿಕ್ಕಿತು, ರೆಬೆಕ್ ಹೊರನಡೆದರು. ಅವರ ಜಾಗಕ್ಕೆ ‘ಗಾಸಿಪ್ ಗರ್ಲ್’ ಧಾರಾವಾಹಿಯ ಅನುಭವವಿದ್ದ ಜೋಶುವಾ ಸಫ್ರಾನ್ ಬಂದರು. ನೋಡುಗರ ದೂರುಗಳಿಗೆ ಉತ್ತರವೆಂಬಂತೆ ಎಲ್ಲಿಸ್ ಮತ್ತು ದೇವ್ ಕಾಣೆಯಾದರು, ಜೂಲಿಯಾಳ ಸಂಸಾರ ಬದಿಗೆ ಸರಿಯಿತು, ಸ್ಕಾರ್ಫ್‌ಗಳೂ ಹೋದವು. ಕಥೆಯೊಳಗೂ ವಿಮರ್ಶಕರು ‘ಬಾಂಬ್‌ಶೆಲ್’ ಹಾಡುಗಳನ್ನು ಮೆಚ್ಚಿ ಕಥೆ-ಸಂಭಾಷಣೆಯ ಪಠ್ಯ ಸರಿಯಿಲ್ಲವೆನ್ನುತ್ತಾರೆ, ಅದನ್ನು ತಿದ್ದಲು ಹೊರಗಿನಿಂದ ಡ್ರಾಮಾಟರ್ಗ್ ಎಂಬ ಪಠ್ಯ ಸಲಹೆಗಾರನೊಬ್ಬನನ್ನು ಕರೆಸಲಾಗುತ್ತದೆ. ಧಾರಾವಾಹಿ ತನ್ನದೇ ದುರಸ್ತಿಯನ್ನು ಕಥೆಯಾಗಿಸಿಕೊಂಡ ಈ ಭಾಗ ಅದರ ಅತ್ಯಂತ ಪ್ರಾಮಾಣಿಕ ಬರವಣಿಗೆ, ಇದಕ್ಕೆ ಸಲ್ಲಬೇಕಾದ ಮೆಚ್ಚುಗೆ ಆಗ ಸಲ್ಲಲಿಲ್ಲ. ಐವಿಗೆ ಮರ್ಲಿನ್ ಪಾತ್ರವೂ ಕೊನೆಗೆ ಟೋನಿ ಪ್ರಶಸ್ತಿಯೂ ದೊರೆತವು. ಕ್ಯಾರೆನ್ ಮಾತ್ರ ‘ಹಿಟ್ ಲಿಸ್ಟ್’ ಎಂಬ ಇನ್ನೊಂದು ನಾಟಕಕ್ಕೆ ಹೋದಳು, ಅದರೊಂದಿಗೆ ಹೊಸ ಪಾತ್ರಗಳ ಗುಂಪೇ ಬಂತು, ಅದುವರೆಗೆ ಒಂದು ನಾಟಕದ ಬೆನ್ನು ಹತ್ತಿದ್ದ ನೋಡುಗರ ಗಮನ ಎರಡಾಗಿ ಸೀಳಿತು. ಸಣ್ಣ ದೂರುಗಳಿಗೆಲ್ಲ ಚುರುಕಾಗಿ ಉತ್ತರ ಸಿಕ್ಕಿತು, ಮೂಲದ ದೂರಿಗೆ ಉತ್ತರ ಸಿಗುವ ಹೊತ್ತಿಗೆ ನೋಡುವವರೇ ಉಳಿದಿರಲಿಲ್ಲ.

2013ರ ಫೆಬ್ರವರಿ 5ರ ಮರುಪ್ರವೇಶಕ್ಕೆ ಬಂದದ್ದು ಸುಮಾರು 45 ಲಕ್ಷ ಜನ. ಏಪ್ರಿಲ್‌ನಲ್ಲಿ ಪ್ರಸಾರವನ್ನು ಅಲ್ಲಿ ಟೀವಿ ನೋಡುಗರು ಕಡಿಮೆಯಿರುವ ಶನಿವಾರ ರಾತ್ರಿಗೆ ತಳ್ಳಲಾಯಿತು, ಮೇ 26ರಂದು ಕೊನೆಯ ಕಂತು ಬಂತು.

ಆದರೆ ಹಾಡುಗಳನ್ನು ಕೇಳುವವರು ಕೇಳುತ್ತಲೇ ಇದ್ದರು. ‘ಬಾಂಬ್‌ಶೆಲ್’ ಹಾಡುಗಳ ಒಂದು ರಾತ್ರಿಯ ಕಛೇರಿ ನಡೆಸಲು ಸಾರ್ವಜನಿಕರಿಂದ 50 ಸಾವಿರ ಡಾಲರ್ ಕೇಳಿದಾಗ 3 ಲಕ್ಷ ಡಾಲರ್‌ಗೂ ಹೆಚ್ಚು ಬಂತು. 2015ರ ಜೂನ್ 8ರಂದು ಮಿನ್ಸ್ಕಾಫ್ ರಂಗಮಂದಿರದಲ್ಲಿ ಹಿಲ್ಟಿ, ಮೆಕ್‌ಫೀ ಸೇರಿದಂತೆ ಹಳೆಯ ತಂಡವೇ ಹಾಡಿತು, ಹಣ ಕಲಾವಿದರ ಕ್ಷೇಮನಿಧಿಗೆ ಹೋಯಿತು. 2020ರ ಮೇ ತಿಂಗಳಲ್ಲಿ, ರಂಗಮಂದಿರಗಳೆಲ್ಲ ಮುಚ್ಚಿದ್ದಾಗ, ಅದರ ಚಿತ್ರೀಕರಣವನ್ನು ಅಂತರ್ಜಾಲದಲ್ಲಿ ತೋರಿಸಲಾಯಿತು. ಅದೇ ವರ್ಷ ರಂಗರೂಪದ ಯೋಜನೆಯೂ ಪ್ರಕಟವಾಯಿತು.

ಸೂಸನ್ ಸ್ಟ್ರೋಮನ್ ನಿರ್ದೇಶನದ ಆ ‘ಸ್ಮ್ಯಾಶ್’ 2025ರ ಏಪ್ರಿಲ್ 10ರಂದು ಇಂಪೀರಿಯಲ್ ರಂಗಮಂದಿರದಲ್ಲಿ ತೆರೆಕಂಡು ಜೂನ್ 22ರಂದು ಮುಗಿಯಿತು. ರಿಕ್ ಎಲಿಸ್ ಮತ್ತು ಬಾಬ್ ಮಾರ್ಟಿನ್ ಬರೆದ ಪಠ್ಯ ಇಡೀ ಸಂಗತಿಯನ್ನು ನಗೆನಾಟಕವಾಗಿಸಿತ್ತು. ಇಲ್ಲಿ ಐವಿ ಹೆಸರಾಂತ ತಾರೆ, ಕ್ಯಾರೆನ್ ಅವಳ ಬದಲಿ ನಟಿ; ಮರ್ಲಿನ್ ಪಾತ್ರದೊಳಗೆ ಮುಳುಗಿ ಐವಿ ಸಹಿಸಲಾಗದವಳಾಗುವುದೇ ತಿರುಳು. ಧಾರಾವಾಹಿಯನ್ನು ನೋಡದವರು ಬಹುಮಟ್ಟಿಗೆ ನಕ್ಕು ಹೊರಬಂದರು. ವರ್ಷಗಟ್ಟಲೆ ಕಾದವರಿಗೆ ಮಾತ್ರ ಆ ಹಾಡುಗಳು ಹಾಸ್ಯದ ನಡುವೆ ತುಣುಕುಗಳಾಗಿ ಬಂದದ್ದು ಹಿಡಿಸಲಿಲ್ಲ, ಅವರ ಅಸಮಾಧಾನ ನನಗೆ ಅರ್ಥವಾಗುತ್ತದೆ. ಅವರು ಕೇಳಿದ್ದು ‘ಬಾಂಬ್‌ಶೆಲ್’ ನಾಟಕವನ್ನು, ಸಿಕ್ಕಿದ್ದು ಅದನ್ನು ಕಟ್ಟುವಾಗಿನ ಫಜೀತಿಗಳ ಇನ್ನೊಂದು ಕಥೆ. ಮರ್ಲಿನ್‌ಳ ಬದುಕನ್ನು ಆ ಹಾಡುಗಳಷ್ಟೇ ಗಂಭೀರವಾಗಿ ಹೇಳುವ ಪೂರ್ಣ ಪಠ್ಯವನ್ನು ಬ್ರಾಡ್‌ವೇ ಇನ್ನೂ ಕಂಡಿಲ್ಲ.