ಊರಿಚ್‌ನ ಮರದ ಕೋಟೆ: ಬಂಡೆಯಲ್ಲಿ ಉಳಿದ ಸಾಕ್ಷ್ಯ

ಪ್ರಶ್ನೆ: ಉಕ್ರೇನಿನ ಊರಿಚ್ ಎಂಬ ಹಳ್ಳಿಯಲ್ಲಿ ಐದು ಅಂತಸ್ತಿನ ಮರದ ಕೋಟೆಯೊಂದು ಇತ್ತೆಂದು ಓದಿದೆ. ಚಿತ್ರಗಳಲ್ಲಿ ಬರಿಯ ಬಂಡೆಗಳಷ್ಟೇ ಕಾಣುತ್ತವೆ. ಮರದ ಗೋಡೆಯೇ ಉಳಿದಿಲ್ಲದಿರುವಾಗ ಅದರ ಎತ್ತರವನ್ನು ಹೇಗೆ ತಿಳಿದರು?

ಉತ್ತರ: ಗೋಡೆ ಹೋದರೂ ಅದನ್ನು ಕೂರಿಸಲು ಕೊರೆದ ಜಾಗಗಳು ಬಂಡೆಯಲ್ಲಿ ಹಾಗೆಯೇ ಉಳಿದಿವೆ. ಎತ್ತರದ ಲೆಕ್ಕ ನಿಂತಿರುವುದು ಅವುಗಳ ಮೇಲೆ.

ಊರಿಚ್ ಇರುವುದು ಪಶ್ಚಿಮ ಉಕ್ರೇನಿನ ಲ್ವಿವ್ ಪ್ರಾಂತ್ಯದಲ್ಲಿ, ಕಾರ್ಪೇಥಿಯನ್ ಪರ್ವತಗಳ ಅಂಚಿನಲ್ಲಿ. ಹಳ್ಳಿಯ ಪಕ್ಕದಲ್ಲೇ ಮರಳುಗಲ್ಲಿನ ಬಂಡೆಗಳ ಗುಂಪೊಂದು ಎದ್ದು ನಿಂತಿದೆ. ಅವುಗಳಲ್ಲಿ ಮುಖ್ಯವಾದ 'ಕಾಮಿನ್' ಸುಮಾರು 51 ಮೀಟರ್ ಎತ್ತರದ್ದು. ಮಧ್ಯಯುಗದ ತುಸ್ತಾನ್ ಕೋಟೆ ಈ ಬಂಡೆಗಳನ್ನೇ ಆಧಾರವಾಗಿ ಮಾಡಿಕೊಂಡು, ಅವುಗಳ ನಡುವಿನ ಸಂದುಗಳನ್ನು ಮರದ ದಿಮ್ಮಿಗಳಿಂದ ಮುಚ್ಚುತ್ತಾ ಬೆಳೆಯಿತು.

ಬಂಡೆಯ ಮೈಯನ್ನು ಹತ್ತಿರದಿಂದ ನೋಡಿದರೆ, ಪ್ರಕೃತಿಯ ಕೆಲಸವೆಂದು ಹೇಳಲಾಗದಷ್ಟು ನೇರವಾದ ತೋಡುಗಳು ಕಾಣುತ್ತವೆ. ದಿಮ್ಮಿ ಮಟ್ಟಸವಾಗಿ ಕೂರಲೆಂದು ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಕಡಿದ ಕಚ್ಚುಗಳಿವೆ; ಕಂಬಗಳಿಗಾಗಿ ತೋಡಿದ ಕುಳಿಗಳಿವೆ; ಗೋಡೆಯ ತುದಿ ಬಂಡೆಗೆ ಒತ್ತಿ ನಿಲ್ಲಲೆಂದು ಮೇಲಿನಿಂದ ಕೆಳಕ್ಕೆ ಕೊರೆದ ಉದ್ದನೆಯ ತೋಡುಗಳೂ ಇವೆ. ಎದುರುಬದುರಾದ ಎರಡು ಬಂಡೆಗಳಲ್ಲಿ ಒಂದೇ ಮಟ್ಟದಲ್ಲಿ ಕಚ್ಚುಗಳು ಸಿಕ್ಕಾಗ ಅವುಗಳ ನಡುವೆ ತೊಲೆ ಹಾಯ್ದಿತ್ತೆಂದೂ, ಅಂಥ ಸಾಲು ಮತ್ತೆ ಮೇಲಕ್ಕೆ ಕಂಡಾಗ ಅಲ್ಲಿ ಇನ್ನೊಂದು ಅಂತಸ್ತಿನ ನೆಲವಿತ್ತೆಂದೂ ತರ್ಕಿಸಬಹುದು. 1971ರಲ್ಲಿ ಇಲ್ಲಿಗೆ ಬಂದ ಸಂಶೋಧಕ ಮಿಖಾಯ್ಲೊ ರೋಝ್ಕೊ ತಮ್ಮ ಬಾಳಿನ ಬಹುಭಾಗವನ್ನು ಈ ಗುರುತುಗಳನ್ನು ಅಳೆದು ನಕ್ಷೆಗಿಳಿಸುವುದಕ್ಕೇ ಮೀಸಲಿಟ್ಟರು. ಅಂಥ ಗುರುತುಗಳು ಸುಮಾರು 4,000 ಇವೆ. ಒಂದು ಕಾಲದ ಕಚ್ಚು ಇನ್ನೊಂದು ಕಾಲದ ಕಚ್ಚನ್ನು ಕತ್ತರಿಸಿ ಹೋಗಿರುವುದನ್ನೂ ಉತ್ಖನನದಲ್ಲಿ ದೊರೆತ ಅವಶೇಷಗಳನ್ನೂ ಜೊತೆಗಿಟ್ಟು ನೋಡಿ, 9ನೇ ಶತಮಾನದಿಂದ 13ನೇ ಶತಮಾನದವರೆಗೆ ಐದು ನಿರ್ಮಾಣ ಹಂತಗಳಿದ್ದವೆಂದು ಅವರು ಗುರುತಿಸಿದರು. ಕೆಲವೆಡೆ ಗೋಡೆ 15 ಮೀಟರ್‌ನಷ್ಟು ಎತ್ತರವಿತ್ತು. ಅಷ್ಟು ತಾಳ್ಮೆಯ ಅಳತೆ ನಡೆಯದೇ ಹೋಗಿದ್ದರೆ ತುಸ್ತಾನ್ ಇಂದಿಗೂ ದಂತಕಥೆಯಾಗಿಯೇ ಉಳಿಯುತ್ತಿತ್ತೆಂದು ನನಗನ್ನಿಸುತ್ತದೆ.

ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ದೊಡ್ಡ ಕೋಟೆ ಏಕೆ ಎಂದು ಕೇಳಿದರೆ, ಮುಖ್ಯ ಕಾರಣ ಉಪ್ಪು. ಹತ್ತಿರದ ದ್ರೊಹೊಬಿಚ್ ಪಟ್ಟಣದ ಸುತ್ತಲಿನ ಉಪ್ಪುನೀರಿನ ಬಾವಿಗಳಿಂದ ತೆಗೆದ ಉಪ್ಪು ಕಣಿವೆಗಳ ಮೂಲಕ ಪರ್ವತದಾಚೆಗೆ ಸಾಗುತ್ತಿತ್ತು. ತುಸ್ತಾನ್ ಆ ದಾರಿಯ ಕಾವಲೂ ಆಗಿತ್ತು, ಸುಂಕದಕಟ್ಟೆಯೂ ಆಗಿತ್ತು. ಊರಿಚ್ ಸೇರಿದ್ದ ಗಲೀಷಿಯಾ ಪ್ರದೇಶ ಪೋಲೆಂಡಿನ ದೊರೆಗಳ ವಶವಾದ ಮೇಲೂ ಕೋಟೆ ಬಳಕೆಯಲ್ಲಿತ್ತು. 14ನೇ ಶತಮಾನದ ಪೋಲಿಷ್ ವೃತ್ತಾಂತಕಾರ ಚಾರ್ನ್‌ಕೂಫಿನ ಯಾಂಕೊ ಅದನ್ನು ಹೆಸರಿಸಿದ್ದಾನೆ. 16ನೇ ಶತಮಾನದಲ್ಲಿ ಅದು ಪಾಳುಬಿತ್ತು.

ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಬಂಡೆಗೆ ತಾಗಿದ್ದ ಭಾಗಗಳಿಗೆ ಮಾತ್ರ ಕಚ್ಚುಗಳು ಸಾಕ್ಷಿ. ಮರುರಚನೆಯ ಚಿತ್ರಗಳಲ್ಲಿ ಕಾಣುವ ಛಾವಣಿಯ ಆಕಾರಕ್ಕೂ ಕಿಟಕಿಗಳಿಗೂ ಆಧಾರವಾಗಿರುವುದು ಆ ಕಾಲದ ಮರಗೆಲಸದ ಬಗ್ಗೆ ಬೇರೆಡೆಯಿಂದ ದೊರೆತ ತಿಳಿವಳಿಕೆ. ಆದ್ದರಿಂದ ಅಂಥ ಚಿತ್ರವನ್ನು ನೋಡುವಾಗ ಗೋಡೆಯ ಸಾಲನ್ನು ಹೆಚ್ಚಾಗಿಯೂ ಮೇಲ್ಭಾಗವನ್ನು ಸ್ವಲ್ಪ ಕಡಿಮೆಯಾಗಿಯೂ ನಂಬುವುದು ಸರಿ. ಮರಳುಗಲ್ಲು ಮಳೆಗೂ ಹಿಮಕ್ಕೂ ಸವೆಯುವ ಕಲ್ಲಾದ್ದರಿಂದ ಕಚ್ಚುಗಳ ಅಂಚುಗಳೂ ಮೊಂಡಾಗುತ್ತಿವೆ. 1994ರಲ್ಲಿ ಸ್ಥಾಪನೆಯಾದ ತುಸ್ತಾನ್ ಸಂರಕ್ಷಿತ ತಾಣಕ್ಕೆ ಅವುಗಳನ್ನು ಕಾಪಾಡುವುದರಷ್ಟೇ ಅವುಗಳ ಅಳತೆಯನ್ನು ದಾಖಲಿಸಿಡುವುದೂ ಮುಖ್ಯವಾದ ಕೆಲಸ.