ಭುಜ ತಪ್ಪಿಸಿಕೊಂಡ ಏಟು ಕಿವಿಗೆ

ಟೆಕ್ಸಾಸ್‌ನಿಂದ ರಜೆಗೆ ಬಂದಿದ್ದ ಇಂಜಿನಿಯರ್ ಒಬ್ಬರು ಮೈಸೂರಿನ ನಮ್ಮ ಕ್ಲಿನಿಕ್‌ಗೆ ಬಂದಿದ್ದರು. ಬಲಗಿವಿಯಲ್ಲಿ ಒಂದೇ ಸಮನೆ ಕುಂಯ್ ಎನ್ನುವ ಸದ್ದು. ಎರಡು ತಿಂಗಳಾದರೂ ನಿಂತಿಲ್ಲ. ಅಲ್ಲಿ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿದ್ದರಂತೆ. "ನಾನು ಒಂದು ಗುಂಡೂ ಹೊಡೆದಿಲ್ಲ ಮೇಡಂ. ಪಕ್ಕದಲ್ಲಿ ಸುಮ್ನೆ ನಿಂತಿದ್ದೆ. ಮಾತು ಕೇಳಿಸಲಿ ಅಂತ ಕಿವಿ ಮುಚ್ಚುವ ಇಯರ್‌ಮಫ್ ಸ್ವಲ್ಪ ಸರಿಸಿದ್ದೆ, ಅಷ್ಟೇ" ಎಂದರು. ಫೋನಿನಲ್ಲಿ ರೈಫಲ್‌ನ ಫೋಟೊ ತೋರಿಸಿದರು. ನಳಿಗೆಯ ತುದಿಯಲ್ಲಿ, ಎರಡೂ ಬದಿಗೆ ಸೀಳುಗಳಿದ್ದ ಉಕ್ಕಿನ ತುಂಡು. ಅದೇ ಮಝಲ್ ಬ್ರೇಕ್.

ಗುಂಡಿನ ಬೆನ್ನಿಗೇ ಮದ್ದು ಉರಿದ ಬಿಸಿ ಗಾಳಿ ನಳಿಗೆಯಿಂದ ನುಗ್ಗುತ್ತದೆ. ಭುಜಕ್ಕೆ ಬೀಳುವ ಒದೆತದಲ್ಲಿ ಅದರದ್ದೂ ದೊಡ್ಡ ಪಾಲು. ಬ್ರೇಕ್ ಆ ಗಾಳಿಯನ್ನು ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೂ ತಿರುಗಿಸುತ್ತದೆ. ಒದೆತ ಎಷ್ಟೋ ಸಲ ಅರ್ಧಕ್ಕೇ ಇಳಿಯುತ್ತದೆ. ಆದರೆ ಢಂ ಎನ್ನುವ ಸದ್ದು ಹುಟ್ಟುವುದೂ ಅದೇ ಗಾಳಿಯಿಂದ ಅಲ್ವಾ? ಮುಂದೆ ಬಯಲಿಗೆ ಹೋಗಬೇಕಿದ್ದ ಸದ್ದು ಈಗ ಹೊಡೆಯುವವರ ಕಡೆಗೆ, ಅದಕ್ಕಿಂತ ಜಾಸ್ತಿ ಪಕ್ಕದಲ್ಲಿ ನಿಂತವರ ಕಡೆಗೆ ಬರುತ್ತದೆ.

ಬ್ರೇಕ್ ಇಲ್ಲದ ಬೇಟೆ ರೈಫಲ್ಲೇ ಕಿವಿಯ ಹತ್ತಿರ ಸುಮಾರು 160 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮುಟ್ಟುತ್ತದೆ. ಬ್ರೇಕ್ ಹಾಕಿದರೆ ಇನ್ನೂ 5ರಿಂದ 10 ಏರಬಹುದು. ಸಣ್ಣ ಲೆಕ್ಕ ಅನ್ನಿಸಬಹುದು. ಆದರೆ 6 ಡೆಸಿಬಲ್ ಏರಿತೆಂದರೆ ಕಿವಿಗೆ ಬೀಳುವ ಒತ್ತಡ ದುಪ್ಪಟ್ಟು. ಇಂಥ ಸಿಡಿತದ ಸದ್ದು 140 ದಾಟಿದರೆ ಅಪಾಯ ಎಂದು ನಾವು ಎಣಿಸುತ್ತೇವೆ. ಜೋರು ಸದ್ದಿಗೆ ಕಿವಿಯೊಳಗಿನ ಪುಟ್ಟ ಸ್ನಾಯು ಬಿಗಿಯಾಗಿ ತಡೆ ಒಡ್ಡುವುದು ನಿಜ. ಆದರೆ ಅದು ಎಚ್ಚರಗೊಳ್ಳುವ ಮೊದಲೇ ಗುಂಡಿನ ಸದ್ದು ಒಳಗೆ ಹೊಕ್ಕಿರುತ್ತದೆ.

ಸದ್ದನ್ನು ಹಿಡಿಯುವ ಒಳಗಿವಿಯ ಕೂದಲ ಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ. ಈ ಇಂಜಿನಿಯರ್‌ರ ಆಡಿಯೋಗ್ರಾಂನಲ್ಲಿ, ಅಂದರೆ ಕಿವಿ ಪರೀಕ್ಷೆಯ ನಕ್ಷೆಯಲ್ಲಿ, ಎಡಗಿವಿಯ ಗೆರೆ ಸಪಾಟಾಗಿತ್ತು. ಬಲಗಿವಿಯದು 4000 ಹರ್ಟ್ಸ್‌ನ ಕೀರಲು ಸ್ವರದ ಹತ್ತಿರ ಹಳ್ಳಕ್ಕೆ ಬಿದ್ದಿತ್ತು. ರೈಫಲ್ ಅವರ ಬಲಕ್ಕಿತ್ತು. ಸಂತೆ, ಮದುವೆ ಮನೆಯ ಗದ್ದಲದಲ್ಲಿ ಸ, ಶ, ಚ ಮಸುಕಾಗುವುದು ಈ ಹಳ್ಳದಿಂದಲೇ. ಮೊದಲ ಕೆಲವು ದಿನಗಳಲ್ಲೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿದ್ದರೆ ಸ್ಟೀರಾಯ್ಡ್ ಕೊಟ್ಟು ನೋಡಬಹುದಿತ್ತು. ಎರಡು ತಿಂಗಳು ತೀರಾ ತಡ.

ಬ್ರೇಕ್ ಇರುವ ರೈಫಲ್ ಹತ್ತಿರ ಬರೀ ಮಫ್ ಸಾಲದು. ಕಿವಿಯೊಳಗೆ ಫೋಮ್ ಪ್ಲಗ್, ಮೇಲೆ ಮಫ್, ಎರಡೂ ಬೇಕು. ಒಂದೊಂದೂ ಎಷ್ಟು ಡೆಸಿಬಲ್ ತಡೆಯುತ್ತದೆ ಎನ್ನುವ ಅಂಕಿಗಳನ್ನು ಕೂಡಿಸಿ ಧೈರ್ಯ ತಂದುಕೊಳ್ಳಬೇಡಿ. ಎರಡನೆಯದು ಸೇರಿಸುವುದು ಸುಮಾರು 5 ಡೆಸಿಬಲ್ ಮಾತ್ರ. ಆ ಐದೂ ಇಲ್ಲಿ ಬೇಕೇ ಬೇಕು. ತಲೆಯ ಮೇಲೆ ತಗಡಿನ ಸೂರು, ಪಕ್ಕದಲ್ಲಿ ಗೋಡೆ ಇದ್ದರೆ ಸದ್ದು ಬಡಿದು ವಾಪಸ್ ಬರುತ್ತದೆ.

ಕೊಡಗಿನ ಓದುಗರಿಗೂ ಒಂದು ಮಾತು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಬ್ರೇಕ್ ಇಲ್ಲದಿರಬಹುದು. ಆದರೂ 12 ಬೋರ್ ಕೋವಿಯ ಸದ್ದು 140ರ ಗೆರೆ ದಾಟಿಯೇ ಇರುತ್ತದೆ. ಹತ್ತಿರ ನಿಂತು ನೋಡುವ ಮಕ್ಕಳ ಕಿವಿಗೂ ಪ್ಲಗ್ ಹಾಕಿಸಿ.

"ಇನ್ನು ರೇಂಜ್‌ಗೆ ಹೋಗೋದೇ ಬೇಡವಾ?" ಎಂದು ಆ ಇಂಜಿನಿಯರ್ ಕೇಳಿದರು. ಹೋಗಿ ಎಂದೆ. ಪಕ್ಕದಲ್ಲಿ ನಿಲ್ಲಬೇಡಿ, ಹೊಡೆಯುವವರ ಬೆನ್ನ ಹಿಂದೆ ದೂರ ನಿಲ್ಲಿ. ಮಾತಾಡಬೇಕಿದ್ದರೆ ಹೊರಗೆ ಬಂದ ಮೇಲೆ ಮಫ್ ತೆಗೆಯಿರಿ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಹೊಸೆದು, ಕಿವಿಯನ್ನು ಮೇಲಕ್ಕೆಳೆದು ಹಾಕುವುದನ್ನು ಅಲ್ಲೇ ಮೂರು ಸಲ ಮಾಡಿಸಿದೆ. ಮೂರನೇ ಸಲ ಸರಿಯಾಗಿ ಕೂತಿತು.