ಸುಂಕದ ಕಟ್ಟೆ ದಾಟಿದ ಸೋಸಿದ ಹಾಲು

ಅಮೆರಿಕ–ಕೆನಡಾ ಹಾಲಿನ ಜಗಳ ಎಂದರೆ ಸಾಕು, ಎಲ್ಲರೂ ಟ್ರಂಪ್ ಕಡೆ ಬೆರಳು ಮಾಡುತ್ತಾರೆ. 2017ರ ಏಪ್ರಿಲ್‌ನಲ್ಲಿ ವಿಸ್ಕಾನ್ಸಿನ್‌ನ ಕೆನೋಶಾದಲ್ಲಿ ಅವರು ಕೆನಡಾವನ್ನು ತರಾಟೆಗೆ ತೆಗೆದುಕೊಂಡಿದ್ದೇನೋ ನಿಜ. ಆದರೆ ಜಗಳ ಹುಟ್ಟಿದ್ದು ಹಾಲು ಸೋಸುವ ಪೊರೆಯೊಂದರ ಕೆಲವೇ ನ್ಯಾನೋಮೀಟರ್ ಅಗಲದ ತೂತುಗಳಲ್ಲಿ!

ಹಾಲಿನಲ್ಲಿ ಶೇ 87ರಷ್ಟು ನೀರೇ. ಲಾರಿಯಲ್ಲಿ ನೀರು ಹೊತ್ತು ಗಡಿ ದಾಟುವುದು ದಂಡ. ಕಾಯಿಸಿ ಇಂಗಿಸಿದರೆ ಪ್ರೋಟೀನಿನ ಗುಣ ಕೆಡುವ ಭಯ. ಹಾಗಾಗಿ ಅಲ್ಟ್ರಾಫಿಲ್ಟ್ರೇಶನ್. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕುತ್ತೇವಲ್ಲ, ಅದೇ ಕೆಲಸ. ಆದರೆ ಇಲ್ಲಿ ಹಾಲು ಹೆಪ್ಪಾಗಬೇಕಿಲ್ಲ. ಕೇಸೀನ್ ಪ್ರೋಟೀನಿನ ಉಂಡೆಗಳು ಸುಮಾರು 150 ನ್ಯಾನೋಮೀಟರ್ ದಪ್ಪ, ಲ್ಯಾಕ್ಟೋಸ್ ಸಕ್ಕರೆಯ ಅಣು ಒಂದು ನ್ಯಾನೋಮೀಟರ್ ಆಸುಪಾಸು. ಒತ್ತಡ ಕೊಟ್ಟಾಗ ನೀರು, ಸಕ್ಕರೆ ಪೊರೆಯಿಂದ ನುಸುಳುತ್ತವೆ, ಪ್ರೋಟೀನ್ ಉಳಿಯುತ್ತದೆ. ಹಾಲನ್ನು ಪೊರೆಯ ಮೇಲೆ ನೇರವಾಗಿ ಸುರಿಯುವುದಿಲ್ಲ, ಅದರ ಮೈಯುದ್ದಕ್ಕೂ ರಭಸದಿಂದ ಹರಿಸುತ್ತಾರೆ. ಇಲ್ಲದಿದ್ದರೆ ಪ್ರೋಟೀನ್ ಪದರ ಕಟ್ಟಿ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಇನ್ನಷ್ಟು ಸಕ್ಕರೆ ತೆಗೆಯಬೇಕಾದರೆ ನೀರು ಬೆರೆಸಿ ಮತ್ತೆ ಸೋಸುವುದು. ಇಷ್ಟಕ್ಕೇ 'ಕೆಮಿಕಲ್ ಹಾಲು' ಎಂದು ಹೌಹಾರುವವರಿಗೆ ಏನು ಹೇಳೋಣ! 1969ರಲ್ಲಿ ಫ್ರಾನ್ಸಿನ ಮೊಬ್ವಾ, ಮೊಕೊ, ವಸ್ಸಾಲ್ ಎಂಬ ಮೂವರು ಚೀಸ್ ತಯಾರಿಕೆಗೆ ಈ ವಿಧಾನದ ಪೇಟೆಂಟ್ ಪಡೆದಿದ್ದರು.

ಈಗ ಗಡಿಗೆ ಬನ್ನಿ. ಕೆನಡಾ 1970ರ ದಶಕದಿಂದ ತನ್ನ ಹೈನುಗಾರರಿಗೆ ಹಾಲು ಉತ್ಪಾದನೆಯ ಕೋಟಾ ಕಟ್ಟಿಕೊಟ್ಟಿದೆ. ಆಮದಿನ ಮಿತಿ ಮೀರಿ ಬಂದ ವಿದೇಶಿ ಹಾಲಿಗೆ ಶೇ 241 ಸುಂಕ. ಸೋಸಿದ ಗಟ್ಟಿ ಹಾಲನ್ನು ಮಾತ್ರ ಕಸ್ಟಮ್ಸ್‌ನವರು 'ಪ್ರೋಟೀನ್ ಪದಾರ್ಥ' ಎಂದು ಬರೆದುಕೊಂಡರು: ಸುಂಕ ಸೊನ್ನೆ. ಅದೇ ಸರಕು ಚೀಸ್ ಕಾರ್ಖಾನೆಯ ತೊಟ್ಟಿಗೆ ಬಿದ್ದ ಕೂಡಲೇ 'ಹಾಲು' ಎಂಬ ಲೆಕ್ಕ! ಕೆನಡಾದ ರೈತರು ಸಿಟ್ಟಾಗದೆ ಇರುತ್ತಾರೆಯೇ? ಅವರ ಕೋಟಾ ನಿಗದಿಯಾಗುವುದು ಬೆಣ್ಣೆಯ ಕೊಬ್ಬಿನ ಮೇಲೆ. ಬೆಣ್ಣೆಗೆ ಬೇಡಿಕೆ ಏರಿದಂತೆಲ್ಲ ಕೆನೆ ತೆಗೆದ ಹಾಲು ಕೇಳುವವರಿಲ್ಲದೆ ರಾಶಿ ಬೀಳುತ್ತಿತ್ತು.

2017ರ ಫೆಬ್ರುವರಿಯಲ್ಲಿ ಕೆನಡಾ 'ಕ್ಲಾಸ್ 7' ಎಂಬ ಹೊಸ ಬೆಲೆ ದರ್ಜೆ ತಂದು, ಈ ಹಾಲಿನಂಶವನ್ನು ತನ್ನ ಕಾರ್ಖಾನೆಗಳಿಗೆ ಅಗ್ಗದ ದರಕ್ಕೆ ಕೊಟ್ಟಿತು. ಅಮೆರಿಕದ ಸರಕಿಗೆ ಗಿರಾಕಿ ತಪ್ಪಿದರು. ಇನ್ನು ನಿಮ್ಮ ಹಾಲು ಬೇಡ ಎಂಬ ಪತ್ರ, ಹಾಲು ಕೊಳ್ಳುತ್ತಿದ್ದ ಕಂಪನಿಯಿಂದಲೇ, ವಿಸ್ಕಾನ್ಸಿನ್‌ನ ಸುಮಾರು 75 ಡೈರಿ ಕುಟುಂಬಗಳ ಕೈ ಸೇರಿತು. ಕೆನೋಶಾ ಭಾಷಣದ ಹಿನ್ನೆಲೆ ಇದು.

2020ರ ಜುಲೈ 1ರಂದು ಅಮೆರಿಕ, ಮೆಕ್ಸಿಕೊ, ಕೆನಡಾ ನಡುವಿನ ಹೊಸ ವ್ಯಾಪಾರ ಒಪ್ಪಂದ ಜಾರಿಯಾಯಿತು, ಅದರ ಷರತ್ತಿನಂತೆ ಮುಂದೆ ಕ್ಲಾಸ್ 7 ರದ್ದಾಯಿತು. ಜಗಳವೇನೂ ಮುಗಿಯಲಿಲ್ಲ, ಕಡಿಮೆ ಸುಂಕದ ಆಮದು ಕೋಟಾವನ್ನು ಯಾರಿಗೆ ಹಂಚಬೇಕು ಎಂಬಲ್ಲಿಗೆ ಜಿಗಿಯಿತು. ಒಪ್ಪಂದದಡಿಯ ವ್ಯಾಜ್ಯ ಸಮಿತಿಗಳ ಮೊದಲ ತೀರ್ಪು ಅಮೆರಿಕದ ಪರ, 2023ರ ನವೆಂಬರ್‌ನ ಎರಡನೆಯದು ಕೆನಡಾದ ಪರ.